ಬಸಿಗೊಳವೆಯ ಬಾಯಿಗೆ ಗೋಣಿಚೀಲ

ನಾನು ಸಿಂಧನೂರಿನಲ್ಲಿ ಮಣ್ಣು ಸಮೀಕ್ಷೆಯ ಅಧಿಕಾರಿಯಾಗಿದ್ದಾಗ ನಡೆದ ಸಂಗತಿ ಇದು. ಇಸವಿ ಬರೆಯಲು ಹೋದರೆ ಕೈ ನಿಲ್ಲುತ್ತದೆ. ಅಲ್ಲಿಗೆ ವರ್ಗವಾಗಿ ಹೋದ ದಿನ ಸರ್ಕಾರಿ ಕಾಗದದಲ್ಲಿ ಎಲ್ಲೋ ಇದ್ದೀತು. ಈ ಸಂಗತಿ ನಡೆದ ದಿನ ಯಾವ ಕಾಗದದಲ್ಲೂ ಇಲ್ಲ. ಹಳ್ಳಿಯ ಹುಡುಗರ ಕೈಗೆ ಟಚ್ ಫೋನು ಆಗತಾನೇ ಬಂದಿತ್ತು, ನಮ್ಮ ಕಚೇರಿಯ ಜೀಪಿನಲ್ಲಿ ಇನ್ನೂ ಕ್ಯಾಸೆಟ್ ಹಾಡುತ್ತಿತ್ತು. ಈ ಎರಡು ಗುರುತಿನ ಮೇಲೆ ಹತ್ತು-ಹನ್ನೆರಡು ವರ್ಷ ಆಗಿರಬೇಕು ಎನ್ನಬಲ್ಲೆ. ಅದಕ್ಕಿಂತ ಖಚಿತವಾಗಿ ಹೇಳಿದರೆ ಅದು ನೆನಪಾಗಿರುವುದಿಲ್ಲ, ನಾನು ಕಟ್ಟಿದ್ದಾಗಿರುತ್ತದೆ. ಈ ಕಥೆಯನ್ನು ಒಮ್ಮೆ ಹಾಗೆ ಕಟ್ಟಿ ಹೇಳಿ ಸಿಕ್ಕಿಬಿದ್ದಿದ್ದೇನೆ. ಅದು ಮುಂದೆ ಬರುತ್ತದೆ.

ನನ್ನ ಕೆಲಸ ಗುಂಡಿ ತೋಡಿಸುವುದು. ಹೊಲದಲ್ಲಿ ಎದೆಮಟ್ಟದ ಗುಂಡಿ ತೋಡಿಸಿ, ಒಳಗಿಳಿದು, ಅದರ ಗೋಡೆಯನ್ನು ಚಾಕುವಿನಿಂದ ಪದರ ಪದರವಾಗಿ ಕೆರೆದು ನೋಡುತ್ತಿದ್ದೆ. ಬಣ್ಣ ನೋಡಬೇಕು, ಒದ್ದೆ ಮಾಡಿ ಬೆರಳಲ್ಲಿ ತಿಕ್ಕಿ ಜಿಗುಟು ನೋಡಬೇಕು, ಮೂಸಿಯೂ ನೋಡಬೇಕು. ಆಮೇಲೆ ಆ ನೆಲಕ್ಕೆ ಒಂದು ವರ್ಗ ಕೊಡಬೇಕು. ಅದರಲ್ಲಿ ಡ್ರೈನೇಜ್ ಎಂಬ ಒಂದು ಅಂಕಣ ಇರುತ್ತದೆ. ನೆಲ ತನ್ನೊಳಗೆ ಇಳಿದ ನೀರನ್ನು ಎಷ್ಟು ಬೇಗ ಬಸಿದು ಹೊರಗೆ ಕಳಿಸುತ್ತದೆ ಎಂಬುದರ ಅಂದಾಜು ಅದು. ಬಸಿಯದ ನೆಲಕ್ಕೆ ಪೂರ್ ಎಂದು ಬರೆಯುತ್ತೇವೆ.

ಆ ಶಬ್ದವನ್ನು ನಾನು ಮೊದಲ ಸಲ ಬರೆದದ್ದು ಲಡಾಖಿನಲ್ಲಿ. ನೌಕರಿಯ ಆರಂಭದ ವರ್ಷಗಳಲ್ಲಿ ಒಂದು ಸಮೀಕ್ಷೆಗೆಂದು ಕೆಲವು ಬೇಸಿಗೆ ನನ್ನನ್ನು ಅಲ್ಲಿಗೆ ನಿಯೋಜಿಸಿದ್ದರು. ಲಿಂಗಸುಗೂರಿನ ಕೆಂಪು ಮಸಾರಿ ನೆಲದಲ್ಲಿ ಬೆಳೆದವನು ನಾನು. ನೆಲವೆಂದರೆ ನೀರನ್ನು ಕುಡಿದು ಮತ್ತೆ ಬಾಯಿ ತೆರೆಯುವಂಥದ್ದು ಎಂದೇ ತಿಳಿದಿದ್ದೆ. ಅಲ್ಲಿ ಸುತ್ತ ಒಂದು ಗಿಡವಿಲ್ಲದ ಬೋಳು ಬೆಟ್ಟ, ನಡುವೆ ನದಿ, ನದಿಯ ಎರಡೂ ಮಗ್ಗುಲಿಗೆ ಮೆಕ್ಕಲು ತುಂಬಿದ ಚಪ್ಪಟೆ ನೆಲ. ಕಾಲಿಟ್ಟರೆ ಹಿಮ್ಮಡಿಯ ಸುತ್ತ ನೀರು ಒಸರುತ್ತಿತ್ತು. ಮುಂಜಾನೆ ತೋಡಿದ ಗುಂಡಿ ಒಣಗಿದ್ದದ್ದು, ಬಿಸಿಲೇರಿ ಮೇಲಿನ ಹಿಮ ಕರಗಿದಂತೆ ಸಂಜೆಗೆ ತಳದಿಂದ ತುಂಬುತ್ತ ಬರುತ್ತಿತ್ತು. ಮಣ್ಣಿನ ಬಣ್ಣ ಬೂದಿ ಬೆರೆಸಿದ ನೀಲಿ, ಮೂಸಿದರೆ ಕೊಳೆತ ಮೊಟ್ಟೆಯ ವಾಸನೆ. ಗಾಳಿಯಾಡದ ಕಡೆ ಮಣ್ಣಿನೊಳಗಿನ ಕಬ್ಬಿಣ ಹೀಗೆ ಬಣ್ಣ ಕಳೆದುಕೊಳ್ಳುತ್ತದೆ. ಹುಲ್ಲಿನ ಬೇರು ಇಳಿದು ಒಂದಿಷ್ಟು ಗಾಳಿ ಸಿಕ್ಕ ಜಾಗದಲ್ಲಿ ಮಾತ್ರ ತುಕ್ಕಿನ ಚುಕ್ಕೆ ಮೂಡುತ್ತದೆ. ಇಂಥ ಮಣ್ಣಿಗೆ ನಮ್ಮ ಭಾಷೆಯಲ್ಲಿ ಗ್ಲೇ ಎನ್ನುತ್ತಾರೆ. ಮೇಲ್ಮೈಯಲ್ಲಿ ಮಾತ್ರ ಬಿಳಿ ಉಪ್ಪಿನ ತೆಳುವಾದ ಹೊದಿಕೆ. ದೂರದಿಂದ ನೋಡಿ ಅದನ್ನೂ ಹಿಮ ಎಂದುಕೊಂಡಿದ್ದೆ.

ಆ ಊರಿನವರು ಬಾರ್ಲಿಯನ್ನು ಮೇಲಿನ ಇಳಿಜಾರಿನ ಹೊಲದಲ್ಲಷ್ಟೇ ಬಿತ್ತುತ್ತಿದ್ದರು. ಒದ್ದೆ ನೆಲವನ್ನು ಹುಲ್ಲಿಗೆ ಬಿಟ್ಟಿದ್ದರು. ಅದನ್ನು ಸರಿಮಾಡಬೇಕೆಂದು ಯಾರೂ ಹಟ ಹಿಡಿದದ್ದು ಕಾಣಲಿಲ್ಲ. ಅಲ್ಲಿ ಕಳೆದ ಸಂಜೆಗಳು ಈಗಲೂ ಕಾಡುತ್ತವೆ: ಗುಂಡಿಯ ಅಂಚಿನಲ್ಲಿ ಕುಳಿತು ನೀರು ಏರುವುದನ್ನು ಕಾಯುವುದು, ಮೇಯಲು ಬಿಟ್ಟ ಕುದುರೆಗಳ ಕೊರಳ ಗಂಟೆ, ನಾನು ಉಳಿದಿದ್ದ ಮನೆಯ ಒಡತಿ ಅಂಗೈಗೆ ಹಾಕಿದ ಒಣ ಜರ್ದಾಳು ಹಣ್ಣು. ನದಿಯ ಸದ್ದೂ ಕಿವಿಯಲ್ಲಿದೆ. ಅದು ಆ ನದಿಯದೋ, ಆಮೇಲೆ ವರ್ಷಗಟ್ಟಲೆ ಕೇಳಿದ ತುಂಗಭದ್ರೆಯದೋ, ಈಗ ಬೇರ್ಪಡಿಸಿ ಹೇಳಲಾರೆ.

ಸಿಂಧನೂರಿಗೆ ಬಂದಮೇಲೆ ಅದೇ ಮಣ್ಣು ಮತ್ತೆ ಸಿಗುತ್ತದೆಂದು ನಾನು ಎಣಿಸಿರಲಿಲ್ಲ. ಒಂದು ದಿನ ಶಂಕ್ರಮ್ಮ ಎಂಬ ಹೆಣ್ಣುಮಗಳು ಕಚೇರಿಗೆ ಬಂದಳು. ಮುಕ್ಕುಂದದ ಕಡೆಯವಳು, ನಲವತ್ತರ ಆಸುಪಾಸು. ಕೈಯಲ್ಲಿ ಟಿಫಿನ್ ಡಬ್ಬಿ ಇತ್ತು. ಅದರ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಮಣ್ಣು, ಮೇಲೆ ಬಿಳಿ ಪುಡಿ.

"ಸಾಹೇಬ್ರ, ಹೊಲಕ್ಕ ಒಮ್ಮಿ ಬಂದು ನೋಡ್ರಿ. ಸತ್ತೈತಿ ಅಂತೀರೋ, ಉಸಿರೈತಿ ಅಂತೀರೋ, ನಿಮ್ಮ ಬಾಯಿಲೆ ಹೇಳ್ರಿ. ನಮ್ಮ ಮನಿಯವ್ರು ನನ್ನ ಮಾತು ಕೇಳಂಗಿಲ್ಲ."

"ಏನಂತಾರ ಮನಿಯವ್ರು?"

"ಇಟ್ಟಂಗಿ ಭಟ್ಟಿಯವ್ರಿಗಿ ಮಣ್ಣು ಕೊಡ್ತೀನಿ ಅಂತ ಕುಂತಾರ್ರೀ. ಆಳುದ್ದ ತೆಗೀತಾರಂತ. ಹೊಲಾ ಮಾರಿದ್ರ ಇನ್ನೊಬ್ರ ಕೈಯಾಗರ ಹೊಲಾ ಇರ್ತೈತಿ. ಮಣ್ಣು ಕೊಟ್ರ ನೆಲಾನ ಇರಂಗಿಲ್ಲಲ್ರೀ."

ಅವಳು ಹೇಳಿದ್ದು ಸರಿಯಾಗಿತ್ತು. ನದಿದಂಡೆಯ ಮೆಕ್ಕಲು ಇಟ್ಟಿಗೆಗೆ ಒಳ್ಳೆಯದು. ಭಟ್ಟಿಯವರು ಮೇಲಿನ ಉಪ್ಪು ಕೆರೆದು ಬದಿಗೆ ಹಾಕಿ ಕೆಳಗಿನ ಮಣ್ಣು ಒಯ್ಯುತ್ತಾರೆ. ಉಳಿಯುವುದು ನೀರು ನಿಲ್ಲುವ ಹೊಂಡ. ಅಲ್ಲಿ ಮತ್ತೆ ಯಾರೂ ಉಳುವುದಿಲ್ಲ.

ಮರುದಿನವೋ ಅದರ ಮರುದಿನವೋ ಹೋದೆ. ಜೀಪು ಓಡಿಸುತ್ತಿದ್ದವನು ಖಾಜಾಸಾಬ. ಗುಂಡಿ ಅಗೆಯುವುದರಲ್ಲೂ ಅವನದೇ ಮುಂದಾಳತ್ವ, ಮಾತಾಡುವುದರಲ್ಲೂ. ಹೊಲ ನದಿಗೆ ಸಮೀಪ. ಆದರೆ ದಂಡೆ ಎತ್ತರ, ಹೊಲ ಅದರ ಹಿಂದೆ ತಟ್ಟೆಯ ಹಾಗೆ ತಗ್ಗು. ಮೇಲಿನ ಕಡೆಯಿಂದ ಕಾಲುವೆ ನೀರಿನ ಗದ್ದೆಗಳು ಇಳಿಯುತ್ತ ಬಂದಿದ್ದವು. ಅವುಗಳಲ್ಲಿ ಇಂಗಿದ್ದೆಲ್ಲ ಇಲ್ಲಿ ಬಂದು ನಿಲ್ಲುತ್ತಿತ್ತು, ನದಿಗೆ ಹೋಗಲು ದಾರಿಯಿರಲಿಲ್ಲ. ಬೇಸಿಗೆಯಲ್ಲಿ ಆ ನೀರು ಮೇಲಕ್ಕೆ ಜಗ್ಗಿ ಆರಿ, ತಾನು ಹೊತ್ತು ತಂದ ಉಪ್ಪನ್ನು ಮೇಲ್ಮೈಯಲ್ಲಿ ಬಿಡುತ್ತಿತ್ತು. ನಮ್ಮ ಸೀಮೆಯಲ್ಲಿ ಇಂಥ ನೆಲಕ್ಕೆ ಸವಳು ಹತ್ತಿದೆ ಎನ್ನುತ್ತಾರೆ.

ಗುಂಡಿಯೊಳಗೆ ಇಳಿದು ಚಾಕು ಹಾಕಿದಾಗ ಕೈ ತಡೆಯಿತು. ಅದೇ ಬೂದು ನೀಲಿ, ಅದೇ ತುಕ್ಕಿನ ಚುಕ್ಕೆ, ಅದೇ ಕೊಳೆತ ಮೊಟ್ಟೆಯ ವಾಸನೆ. ಮುಗಿಲಿಗೆ ಹತ್ತಿರದ ಆ ಕಣಿವೆಗೂ ಈ ತಗ್ಗಿಗೂ ಏನೇನೂ ಸಂಬಂಧವಿಲ್ಲ. ಅಲ್ಲಿ ಮೇಲಿನಿಂದ ನೀರು ಬಿಡುತ್ತಿದ್ದವನು ಸೂರ್ಯ, ಇಲ್ಲಿ ಕಾಲುವೆಯ ಗೇಟು ಎತ್ತುವ ಸೌಡಿ. ಆದರೂ ಗುಂಡಿಯ ಗೋಡೆ ಒಂದೇ ಆಗಿತ್ತು. ಸ್ವಲ್ಪ ಹೊತ್ತು ಅದರೊಳಗೇ ನಿಂತಿದ್ದೆ. ಖಾಜಾಸಾಬ ಮೇಲಿನಿಂದ ಬಗ್ಗಿ, "ಸಾಬ್, ನಿದ್ದಿ ಹತ್ತಿತೇನ್ರೀ?" ಎಂದ.

ಮೇಲೆ ಶಂಕ್ರಮ್ಮನ ಗಂಡ ಬಸವರಾಜ ಕೈ ಕಟ್ಟಿಕೊಂಡು ನಿಂತಿದ್ದ. ಕೆಟ್ಟವನಲ್ಲ. ಸೋತು ಸೋತು ಬೇಸತ್ತಿದ್ದ.

"ನಾ ಹುಚ್ಚಲ್ರೀ ಸರ್ರ. ಹೋದ ಸಲ ಭತ್ತ ಹಚ್ಚಿದ್ವಿ, ಅದರ ಹಿಂದಿನ ಸಲಾನೂ ಹಚ್ಚಿದ್ವಿ. ಸಸಿ ತುದಿ ಸುಟ್ಟಂಗಾಗಿ ಕೆಳಗ ಕುಂತುಬಿಟ್ಟುವು. ಬೇಕಾರ್ ಜಮೀನಿಗಿ ಎಷ್ಟಂತ ಹೈರಾಣಾಗೂದು? ಭಟ್ಟಿಯಾಂವ ಬಾಯಿ ಬಿಟ್ಟು ಕೇಳಾಕತ್ಯಾನ."

"ಬೇಕಾರ್ ಅಂತ ಹೆಸರಿಟ್ಟಾರ್ರೀ ಅದಕ್ಕ," ಎಂದಳು ಶಂಕ್ರಮ್ಮ. "ನನಗೂ ಮದಿವಿಯಾದ ಹೊಸದಾಗ ಹಂಗ ಅಂದಿದ್ರು."

ಖಾಜಾಸಾಬ ನಕ್ಕ. ಬಸವರಾಜನೂ ನಗು ತಡೆಯಲಾರದೆ ಆಚೆ ತಿರುಗಿದ.

ನನಗೆ ತೋಚಿದ್ದನ್ನು ಹೇಳಿದೆ. ನೆಲ ಸತ್ತಿಲ್ಲ. ಎಲ್ಲಕ್ಕಿಂತ ತಗ್ಗಿನ ಒಂದು ಮೂಲೆ ಮಾತ್ರ ಗದ್ದೆಯಾಗುವುದಿಲ್ಲ; ಅದನ್ನು ಮೇವಿನ ಹುಲ್ಲಿಗೆ ಬಿಡಬೇಕು, ಲಡಾಖಿನವರು ಬಿಟ್ಟ ಹಾಗೆ. ಉಳಿದದ್ದಕ್ಕೆ ಮಣ್ಣಿನೊಳಗೆ ತೂತಿನ ಪೈಪು ಹೂಳಬೇಕು. ಇಂಗ್ಲಿಷಿನಲ್ಲಿ ಸಬ್‌ಸರ್ಫೇಸ್ ಡ್ರೈನ್, ಕನ್ನಡದಲ್ಲಿ ಬಸಿಗೊಳವೆ. ಎದೆಮಟ್ಟದ ಆಳದಲ್ಲಿ ಮಲಗಿದ ಈ ಪೈಪಿಗೆ ಸುತ್ತಲಿನ ನೀರು ಬಸಿದು ಬರುತ್ತದೆ. ಹೊಲದ ಪಕ್ಕದಲ್ಲಿ ನದಿಗೆ ಇಳಿಯುವ ಆಳದ ಹಳ್ಳದ ದಡದಲ್ಲಿ ಅದರ ಬಾಯಿ ತೆರೆದಿರುತ್ತದೆ. ಕಾಲುವೆ ನೀರು ಬಂದಾಗ ಹೊಲದಲ್ಲಿ ನೀರು ಕಟ್ಟಿ ನಿಲ್ಲಿಸಬೇಕು. ಅದು ಉಪ್ಪನ್ನು ಕರಗಿಸಿಕೊಂಡು ಕೆಳಗಿಳಿದು ಪೈಪಿನ ಬಾಯಿಂದ ಹೊರಗೆ ಹೋಗುತ್ತದೆ. ಹೀಗೆ ಕೆಲವು ಸಲ ತೊಳೆದರೆ ನಾಟಿ ಹಿಡಿಯುತ್ತದೆ.

ಬಸವರಾಜ ಅಂಚಿಗೆ ಬಂದು ಗುಂಡಿಯೊಳಗೆ ಬಗ್ಗಿ ನೋಡಿದ. "ಆತ್ರೀ. ಈ ಸಲ ನಾಟಿ ಹಿಡೀತು ಅಂದ್ರ ಮಣ್ಣು ಕೊಡಂಗಿಲ್ಲ. ಹಿಡೀಲಿಲ್ಲಂದ್ರ ನೀವೂ ಮಾತಾಡಬ್ಯಾಡ್ರಿ, ಈಕಿನೂ ಮಾತಾಡಬಾರದು."

"ಕಬೂಲ್," ಎಂದಳು ಶಂಕ್ರಮ್ಮ. ನನ್ನನ್ನು ಯಾರೂ ಕೇಳಲಿಲ್ಲ.

ಕಾಲುವೆ ನೀರು ನಿಂತಿದ್ದ ಬೇಸಿಗೆಯಲ್ಲಿ ಪೈಪು ಹೂಳಿದೆವು. ಯೋಜನೆಯೊಂದರಲ್ಲಿ ಪ್ರಾತ್ಯಕ್ಷಿಕೆಗೆಂದು ಸಾಮಾನು ಸಿಕ್ಕಿತು. ಹತ್ತಿರದ ಕ್ಯಾಂಪಿನಿಂದ, ಎಂದರೆ ಆಂಧ್ರದಿಂದ ಬಂದು ನೆಲೆಸಿದ ರೈತರ ಊರಿನಿಂದ, ಜೆಸಿಬಿ ಬಂತು. ಆ ಬೇಸಿಗೆಯ ಬಗ್ಗೆ ನನ್ನಲ್ಲಿ ಉಳಿದಿರುವುದು ಬಿಡಿ ಬಿಡಿ ಚಿತ್ರಗಳು. ಜೆಸಿಬಿಯ ನೆರಳಿನಲ್ಲಿ ಕುಳಿತು ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ ತಿಂದದ್ದು. ಪೈಪಿಗೆ ಸುತ್ತಿದ ಬಿಳಿ ಬಟ್ಟೆ ನೋಡಿ ಖಾಜಾಸಾಬ, "ಹೊಲಕ್ಕ ಸಲೈನ್ ಹಚ್ಚಾಕತ್ತೀವಿ" ಎಂದದ್ದು. ದೂರದಲ್ಲಿ ಬೇವಿನ ಮರದ ಕೆಳಗೆ ಒಬ್ಬ ಮುದುಕಿ ಕುಳಿತು ದಿನವೂ ನೋಡುತ್ತಿದ್ದದ್ದು. ಆ ಮುದುಕಿ ಬಸವರಾಜನ ತಾಯಿ, ಹನುಮವ್ವ. ಆಗ ಅವಳನ್ನು ನಾನು ನಿಜವಾಗಿ ಗಮನಿಸಿದ್ದೆನೋ, ಆಮೇಲೆ ಆದದ್ದೆಲ್ಲ ತಿಳಿದಮೇಲೆ ಆ ಮರದ ಕೆಳಗೆ ತಂದು ಕೂರಿಸಿದೆನೋ ಹೇಳಲಾರೆ.

ಕಾಲುವೆಗೆ ನೀರು ಬಂತು. ಹೊಲದಲ್ಲಿ ನೀರು ಕಟ್ಟಿದೆವು. ಪೈಪಿನ ಬಾಯಿಂದ ಮೊದಲು ಕೆಸರು, ಆಮೇಲೆ ತಿಳಿನೀರು ಧಾರೆಯಾಗಿ ಹಳ್ಳಕ್ಕೆ ಬಿತ್ತು. ಇ.ಸಿ. ಮೀಟರ್ ಎಂದು ನೀರಿನ ಉಪ್ಪು ಅಳೆಯುವ ಒಂದು ಸಾಧನ ನಮ್ಮಲ್ಲಿತ್ತು. ಧಾರೆಗೆ ಹಿಡಿದರೆ ಅದರ ಅಂಕಿ ಜಿಗಿದು ಮೇಲೇರಿತು. ಉಪ್ಪು ಹೊರಬೀಳುತ್ತಿತ್ತು. ಶಂಕ್ರಮ್ಮನ ಮುಖ ಅರಳಿತು. ನಾಟಿಯ ಹೊತ್ತಿಗೆ ಎಲ್ಲ ಸರಿಹೋಗುತ್ತದೆಂದು ಹೇಳಿ ಬಂದೆ.

ಮುಂದಿನ ವಾರ ಹೋದಾಗ ಧಾರೆ ನಿಂತಿತ್ತು. ಹೊಲದೊಳಗೆ ನೀರಿನ ಮಟ್ಟ ನೋಡಲು ನಿಲ್ಲಿಸಿದ್ದ ಕೊಳವೆಯಲ್ಲಿ ನೀರು ಕತ್ತಿನವರೆಗೆ ಬಂದಿತ್ತು. ಹಳ್ಳಕ್ಕೆ ಇಳಿದು ನೋಡಿದರೆ ಪೈಪಿನ ಬಾಯಿಗೆ ಗೋಣಿಚೀಲ. ಮಣ್ಣು, ಭತ್ತದ ಹೊಟ್ಟು ತುಂಬಿ ಹೊಲಿದ ಚೀಲವನ್ನು ಬಿಗಿಯಾಗಿ ತುರುಕಿ, ಸುತ್ತ ಕೆಸರು ಮೆತ್ತಿದ್ದರು. ಖಾಜಾಸಾಬ ಕಿತ್ತೆಸೆದ. ಧಾರೆ ಮತ್ತೆ ಬಿತ್ತು. ಮೂರು ದಿನ ಬಿಟ್ಟು ಹೋದರೆ ಮತ್ತೆ ಚೀಲ. ಕಿತ್ತೆವು. ಮತ್ತೆ ಚೀಲ.

ನಾಟಿಯ ಕಾಲ ಹತ್ತಿರವಾಗುತ್ತಿತ್ತು. ಸಸಿ ಮಡಿಯಲ್ಲಿ ಗೇಣುದ್ದ ಬೆಳೆದು ನಿಂತಿತ್ತು. ಪೈಪು ಮುಚ್ಚಿದ ಪ್ರತಿ ಸಲವೂ ಕೆಳಗಿನ ಉಪ್ಪುನೀರು ಏರಿ ಬಂದು, ತೊಳೆದದ್ದೆಲ್ಲ ಮೊದಲಿನಂತಾಗುತ್ತಿತ್ತು. ಒಂದು ಸಲ ಬಸವರಾಜ ಭಟ್ಟಿಯವನ ಫೋನು ಬಂದಾಗ, ನಾವು ಕೇಳುವ ಹಾಗೆ, "ನಾಟಿ ತನಕ ತಡೀರಿ" ಎಂದ.

ಖಾಜಾಸಾಬನಿಗೆ ಸಂಶಯವೇ ಇರಲಿಲ್ಲ. "ಸಾಬ್, ಇದು ಮ್ಯಾಲಿನ ಹೊಲದ ಗೌಡ್ರ ಕೆಲಸ. ಪಕ್ಕದಾಕಿ ಉದ್ಧಾರ ಆಗೂದು ಯಾರಿಗಿ ಬೇಕೈತ್ರೀ?"

ಮೇಲಿನ ಹೊಲದ ಅಮರೇಗೌಡರು ಶಂಕ್ರಮ್ಮನ ಮನೆಯವರೊಂದಿಗೆ ಬದುವಿನ ವಿಷಯಕ್ಕೆ ಹಿಂದೆ ಮಾತು ಬಿಟ್ಟವರು. ಅವರ ಕಟ್ಟೆಗೆ ಹೋಗಿ ನಯವಾಗಿಯೇ ಕೇಳಿದೆ. ಅವರು ಚಹಾ ತರಿಸಿದರು, ಕುಡಿದಾದ ಮೇಲೆ ಶುರುಮಾಡಿದರು.

"ನಿಮ್ಮ ನೀರು ಹಳ್ಳಕ್ಕ ಹೋದ್ರ ನನಗೇನ್ರೀ ಲುಕ್ಸಾನು? ನಂದು ಮ್ಯಾಲಿನ ಹೊಲ. ಈ ವಯಸ್ಸಿನಾಗ ಹಳ್ಳಕ್ಕಿಳಿದು ಪೈಪಿನ ಬಾಯಾಗ ಚೀಲಾ ತುರುಕಾಕ ನನಗೇನು ಕಸುವು ಉಕ್ಕಾಕತ್ತೈತೇನು? ಸಾಹೇಬ್ರು ಮಣ್ಣು ಮೂಸಿ ಹೇಳ್ತೀರಂತ. ಆ ಚೀಲಾ ಒಮ್ಮಿ ಬರೋಬರಿ ನೋಡ್ರಿ. ಯಾರ ಮನೀದು ಅಂತ ಅದ ಹೇಳ್ತೈತಿ."

ಚೀಲ ಜೀಪಿನಲ್ಲೇ ಇತ್ತು. ಶಂಕ್ರಮ್ಮನ ಮುಂದೆ ಇಟ್ಟೆ. ಅದರ ಬಾಯಿಯನ್ನು ಹಳೆಯ ಇಳಕಲ್ ಸೀರೆಯ ಕೆಂಪು ಅಂಚನ್ನು ಹರಿದು, ದಬ್ಬಣದಲ್ಲಿ ಒತ್ತೊತ್ತಾಗಿ ಹೊಲಿದಿದ್ದರು. ಕೌದಿ ಹೊಲಿಯುವ ಕೈ. ಶಂಕ್ರಮ್ಮ ಅದನ್ನು ಮುಟ್ಟಿ ನೋಡಿ, ನೇರ ಮನೆಯ ಕಡೆ ನಡೆದಳು. ನಾವು ಚೀಲ ಹೊತ್ತು ಹಿಂದೆ ಹೋದೆವು.

ಹನುಮವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಚೀಲ ನೋಡಿ ಗಾಬರಿಯೂ ಆಗಲಿಲ್ಲ, ಮುಚ್ಚಿಡಲೂ ಇಲ್ಲ.

"ಹೂಂ, ನಾನ ಮುಚ್ಚೀನಿ. ಯಾಕ, ಚಲೋ ಹೊಲಿದಿಲ್ಲೇನು?"

"ಅತ್ತಿ, ಹುಚ್ಚಿಡಿದೈತೇನ್ ನಿಮಗ? ಭಟ್ಟಿಯವ್ರು ಬಾಗಲದಾಗ ಕುಂತಾರ, ನೀವು ಪೈಪು ಮುಚ್ಚಾಕ ಹೋಗೀರಿ!"

"ಭಟ್ಟಿ-ಗಿಟ್ಟಿ ನನಗ ಹೇಳಬ್ಯಾಡ. ನೀರು ಹೊಂಟೈತಿ. ಹಗಲೂ ರಾತ್ರಿ ಹೊಂಟೈತಿ. ಒಂದ ಸವನ ಹೊಂಟೈತಿ. ನಾ ಹೆಂಗ ನೋಡ್ಕೊಂತ ಕುಂದ್ರಲಿ?" ನನ್ನ ಕಡೆ ತಿರುಗಿದಳು. "ತಮ್ಮಾ, ನೀ ಯಾವ ಊರಾಂವ?"

"ಲಿಂಗಸುಗೂರು, ಯವ್ವಾ."

"ಹಂಗಾದ್ರ ನಿನಗರ ತಿಳೀಬೇಕಾಗಿತ್ತು. ನಂದು ತವರು ಗುರುಗುಂಟಾ. ಹಳ್ಳದಾಗ ವರ್ತಿ ತೋಡಿ ಕುಂದ್ರತಿದ್ವಿ. ಒಂದು ತಂಬಗಿ ನೀರು ಊರಾಕ ಎಷ್ಟೊತ್ತು ಗೊತ್ತೈತೇನು? ಗೋರಿ ಗೋರಿ ಕೊಡಾ ತುಂಬ್ಸಿ ತಲಿಮ್ಯಾಲ ಹೊತ್ತಾಕಿ ನಾನು. ನೀ ಓದಿ ಶ್ಯಾಣ್ಯಾ ಆಗಿ ಬಂದು, ಪೈಪಿಟ್ಟು ನೀರು ಹಳ್ಳಕ್ಕ ಚೆಲ್ಲಾಕತ್ತೀದಿ."

ವರ್ತಿ ಎಂದರೆ ಒಣಗಿದ ಹಳ್ಳದ ಮರಳಿನಲ್ಲಿ ತೋಡುವ ಸಣ್ಣ ಕುಣಿ. ತಳದಲ್ಲಿ ನೀರು ಒಸರಿ ನಿಲ್ಲುವವರೆಗೆ ಕಾಯಬೇಕು. ನನ್ನ ಅವ್ವನೂ ಅಂಥ ಕುಣಿಯ ಪಕ್ಕದಲ್ಲಿ ಕುಳಿತವಳೇ. ನಾನೂ ಹುಡುಗನಾಗಿದ್ದಾಗ ಅವಳ ಜೊತೆ ಹೋಗಿ ಕೂತದ್ದು ನೆನಪಿದೆ, ಅಥವಾ ಅವಳು ಹೇಳಿದ್ದು ನೆನಪಿದೆ. ಹನುಮವ್ವನಿಗೆ ಉಪ್ಪು, ಬೇರು, ನೀರಿನ ಮಟ್ಟ ಎಂದೆಲ್ಲ ಹೇಳಿದೆ. ಅವಳು ಶೇಂಗಾ ಸುಲಿಯುತ್ತಲೇ ಇದ್ದಳು.

ಇಲ್ಲಿಂದ ಮುಂದೆ ನಾನು ಬಹಳ ವರ್ಷ ಹೇಳುತ್ತ ಬಂದದ್ದು ಒಂದು, ನಡೆದದ್ದು ಇನ್ನೊಂದು.

ನಿವೃತ್ತನಾದ ಮೇಲೂ ರೈತರ ತರಬೇತಿಗಳಿಗೆ ನನ್ನನ್ನು ಕರೆಯುತ್ತಾರೆ. ಅಲ್ಲಿ ಈ ಕಥೆ ಹೇಳುತ್ತಿದ್ದೆ. ಹನುಮವ್ವನನ್ನು ಪೈಪಿನ ಬಾಯಿಗೆ ಕರೆದೊಯ್ದೆ, ಬೊಗಸೆಯಲ್ಲಿ ನೀರು ಹಿಡಿದು ಕುಡಿಯಲು ಹೇಳಿದೆ, ಅವಳು ಬಾಯಿಗಿಟ್ಟು ಉಪ್ಪೆಂದು ಉಗುಳಿದಳು, "ಇದು ನೀರಲ್ಲ ತಮ್ಮಾ, ವಿಷ" ಎಂದು ತಾನು ಹೊಲಿದ ಚೀಲವನ್ನು ತಾನೇ ಹರಿದೆಸೆದಳು. ಇಲ್ಲಿಗೆ ಕಥೆ ಮುಗಿಯುತ್ತಿತ್ತು, ಜನ ಚಪ್ಪಾಳೆ ತಟ್ಟುತ್ತಿದ್ದರು. ಹೇಳಿ ಹೇಳಿ ಅದು ನುಣುಪಾಗಿತ್ತು. ಈಚೆಗೆ ಮಸ್ಕಿಯಲ್ಲಿ ಒಂದು ತರಬೇತಿಯಲ್ಲಿ ಇದನ್ನೇ ಹೇಳಿ ಚಪ್ಪಾಳೆಗೆ ಕಾಯುತ್ತಿದ್ದಾಗ ಹಿಂದಿನ ಸಾಲಿನಿಂದ ಒಂದು ದನಿ ಬಂತು.

"ಸುಳ್ಳ್ರೀ ಸಾಹೇಬ್ರ!"

ಶಂಕ್ರಮ್ಮ. ಕೂದಲು ಅರ್ಧ ಬೆಳ್ಳಗಾಗಿತ್ತು, ದನಿ ಹಾಗೇ ಇತ್ತು. ಸಭೆಯೆಲ್ಲ ತಿರುಗಿ ನೋಡಿತು.

"ನಮ್ಮತ್ತಿ ಉಗುಳಿದ್ದು ಖರೆ. ಉಗುಳಿ ಏನಂದ್ಲು, ಅದನ್ಯಾಕ ನುಂಗಿಬಿಟ್ರಿ? 'ಉಪ್ಪಿದ್ರೇನಾತು, ನೀರಲ್ಲೇನು? ಎಮ್ಮಿ ಮೈಗಾರ ಆಗಂಗಿಲ್ಲೇನು?' ಅಂದ್ಲಲ್ರೀ! ಮರುದಿನ ಮುಂಜಾನಿ ಮತ್ತ ಚೀಲಾ ತುರುಕಿ ಬಂದಿದ್ಲು."

ಸಭೆಗೆ ಸಭೆಯೇ ನಕ್ಕಿತು. ನಾನೂ ನಕ್ಕೆ. ಅವಳು ಹೇಳಿದ ಮೇಲೆ ಒಂದೊಂದೇ ಮರಳಿ ಬಂತು: ಉಗುಳಿದ ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡದ್ದು, ನನ್ನನ್ನು ಒಂಥರಾ ಕನಿಕರದಿಂದ ನೋಡಿದ್ದು. ಇವೂ ನಿಜವೋ, ಶಂಕ್ರಮ್ಮನ ಮಾತಿನಿಂದ ಹುಟ್ಟಿದವೋ. ಮುಂದಿನದನ್ನು ಅವಳು ಹೇಳಿದಂತೆ, ನನಗೆ ನೆನಪಿರುವುದರ ಜೊತೆ ಸೇರಿಸಿ ಬರೆಯುತ್ತೇನೆ.

ಐದನೆಯದೋ ಆರನೆಯದೋ ಚೀಲ ಕಿತ್ತ ದಿನ ಶಂಕ್ರಮ್ಮ ಹಳ್ಳದ ದಡದಲ್ಲಿ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಬಸವರಾಜ, "ಅವ್ವಗ ಕಾವಲು ಹಾಕಾಕ ಆಗಂಗಿಲ್ಲ, ಬಿಡು ಇನ್ನ" ಎಂದು ಹೇಳಿ ಹೋಗಿದ್ದ. ಅವಳು ಪೈಪಿನ ಬಾಯಿಯನ್ನೇ ನೋಡುತ್ತಿದ್ದಳು.

"ಸಾಹೇಬ್ರ, ಈ ನೀರು ಇಲ್ಲೆ ಒಂದು ಗುಂಡ್ಯಾಗ ನಿಂದ್ರತಾವೇನ್ರೀ?"

"ನಿಂತು ಏನು ಮಾಡ್ಬೇಕು? ಗುಂಡಿ ತುಂಬಿದ ಮ್ಯಾಲ ಹಳ್ಳಕ್ಕ ಹೋಗೂವ."

"ತುಂಬಿ ಹೋದ್ರ ಹೋಗವಲ್ದಾಕ. ನಮ್ಮತ್ತಿಗಿ ನೀರು ಹೋಗೂದೊಂದ ಕಣ್ಣಿಗಿ ಕಾಣಾಕತ್ತೈತಿ. ನಿಂತದ್ದು ಒಂದೀಟು ಕಾಣ್ಲಿ."

ಅದರಿಂದ ಏನಾದೀತು ಎಂದು ನನಗೆ ಹೊಳೆಯಲಿಲ್ಲ. ಬೇರೆ ದಾರಿಯೂ ಇರಲಿಲ್ಲ. ಗುಂಡಿಯ ಅಂಚು ಪೈಪಿನ ಬಾಯಿಗಿಂತ ಕೆಳಗಿರಬೇಕು, ಇಲ್ಲವಾದರೆ ನೀರು ಹಿಮ್ಮೆಟ್ಟಿ ಹೊಲಕ್ಕೇ ಬರುತ್ತದೆ ಎಂದು ಹೇಳಿ, ಮಟ್ಟ ಹಿಡಿದು ಕಡ್ಡಿ ನೆಟ್ಟುಕೊಟ್ಟೆ. ಶಂಕ್ರಮ್ಮ ನಾಲ್ಕಾರು ಹೆಂಗಸರನ್ನು ಕರೆತಂದಳು. ಅವರಲ್ಲಿ ಒಬ್ಬಾಕೆ ಕ್ಯಾಂಪಿನವಳು. ಗುದ್ದಲಿ ಹಾಕುತ್ತ, "ಏಮಮ್ಮಾ, ಅತ್ತಿಗಿ ಸ್ವಿಮ್ಮಿಂಗ್ ಪೂಲ್ ಮಾಡಾಕತ್ತೀಯಾ?" ಎಂದು ಕೇಳಿದಳು. "ಹೂನಬೇ, ನೀನೂ ಬಾ ಈಜಾಕ" ಎಂದಳು ಶಂಕ್ರಮ್ಮ. ಹಳ್ಳದ ದಡವನ್ನು ಕಡಿದು ಅಂಗಳದಷ್ಟು ಅಗಲದ ಗುಂಡಿ ಮಾಡಿದರು. ಹಳ್ಳದ ಕಡೆಯ ಅಂಚಿಗೆ ಚಪ್ಪಡಿ ಕಲ್ಲು ಕೂರಿಸಿದರು.

ಚೀಲ ತೆಗೆದೆವು. ಧಾರೆ ಗುಂಡಿಗೆ ಬಿತ್ತು. ಹನುಮವ್ವ ಬಂದು ಬದುವಿನ ಮೇಲೆ ಕುಳಿತಳು. ಮರುದಿನವೂ ಬಂದು ಕುಳಿತಳಂತೆ. ನೀರು ಏರುತ್ತಿತ್ತು, ಅವಳು ನೋಡುತ್ತಿದ್ದಳು. ಗುಂಡಿ ತುಂಬಿದ ದಿನ ನಾನು ಅಲ್ಲಿದ್ದೆ. ಇದು ಶಂಕ್ರಮ್ಮನೂ ಒಪ್ಪುವ ಮಾತು. ನೀರು ಚಪ್ಪಡಿಯ ಅಂಚಿಗೆ ಬಂದು, ಒಂದು ಗಳಿಗೆ ತಡೆದು, ಆಮೇಲೆ ತೆಳ್ಳಗೆ ಹಾಸಿ ಹಳ್ಳಕ್ಕೆ ಇಳಿಯಿತು.

ಮುದುಕಿ ಎದ್ದು ನಿಂತಳು. ಅವಳು ಮತ್ತೆ ಚೀಲ ತರಲು ಹೊರಟಳೆಂದೇ ನಾನು ತಿಳಿದೆ.

"ಕೋಡಿ ಬಿತ್ತಲೇ ಬಸ್ಯಾ! ಯವ್ವಾ ಶಂ‍ಕ್ರೀ, ಕೋಡಿ ಬಿತ್ತು ನೋಡ!"

ನಮ್ಮ ಕಡೆ ಕೆರೆ ತುಂಬಿ ಕೋಡಿ ಬಿದ್ದರೆ ಊರಿಗೆ ಊರೇ ನೋಡಲು ಹೋಗುತ್ತದೆ. ಹಾಗೆ ಹೊರಗೆ ಹೋಗುವ ನೀರನ್ನು ಪೋಲು ಎಂದು ಯಾರೂ ಅನ್ನುವುದಿಲ್ಲ. ಹನುಮವ್ವ ಮನೆಗೆ ಹೋಗಿ ಕುಬಸದ ಕಣ, ಹಸಿರು ಬಳೆ, ಎಲೆ ಅಡಿಕೆ, ಕೊಬ್ಬರಿ ಬಟ್ಟಲು ತಂದಳು. ಸೊಸೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಉಪ್ಪುನೀರಿನ ಆ ಗುಂಡಿಯನ್ನು ಗಂಗವ್ವ ಎಂದು ಕರೆದು ಉಡಿ ತುಂಬಿದಳು. ಖಾಜಾಸಾಬ ನನ್ನ ಕಿವಿಯಲ್ಲಿ, "ಸಾಬ್, ನಿನ್ನಿ ತನಕ ಇದ ನೀರು ಹಾಳಾಗಿ ಹೊಂಟಿತ್ತಲ್ರೀ" ಎಂದ. ಅವನನ್ನು ಸುಮ್ಮನಿರಿಸಿದೆ. ಆಮೇಲೆ ಯಾರೂ ಪೈಪು ಮುಚ್ಚಲಿಲ್ಲ. ಎಮ್ಮೆಗಳು ಆ ಗುಂಡಿಯಲ್ಲಿ ಬಿದ್ದುಕೊಳ್ಳುತ್ತಿದ್ದವು; ಮುದುಕಿ ಬಂದವರಿಗೆಲ್ಲ ಅದನ್ನು ತನ್ನ ಕೆರೆ ಎಂದು ತೋರಿಸುತ್ತಿದ್ದಳು.

ಆದರೆ ದಿನ ಕಳೆದುಹೋಗಿದ್ದವು. ಅಷ್ಟು ಸಲ ಮುಚ್ಚಿದ ಪೈಪು ಎಷ್ಟು ಉಪ್ಪು ಹೊರಹಾಕಿತ್ತೋ ಖಾತ್ರಿ ಇರಲಿಲ್ಲ. ಮೀಟರಿನ ಅಂಕಿ ಇಳಿದಿತ್ತು, ನನಗೆ ಬೇಕಾದಷ್ಟು ಇಳಿದಿರಲಿಲ್ಲ. ಸಸಿ ಮಡಿಯಲ್ಲಿ ಬಲಿಯುತ್ತಿತ್ತು, ಇನ್ನು ಕಾಯುವಂತಿರಲಿಲ್ಲ. ಶಂಕ್ರಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. "ಹಚ್ಚೂಣ್ರೀ" ಎಂದಳು. ತಗ್ಗಿನ ಮೂಲೆ ಬಿಟ್ಟು ಉಳಿದದ್ದಕ್ಕೆ ನಾಟಿ ಮಾಡಿದರು.

ಮೊದಲ ಕೆಲವು ದಿನ ಸಸಿ ಹಳದಿಯಾಗಿ ಬಾಗಿ ನಿಂತಿತು. ಅದು ಎಲ್ಲ ನಾಟಿಯಲ್ಲೂ ಆಗುವಂಥದ್ದು, ಅದರಿಂದ ಏನೂ ಹೇಳಲಾಗದು. ಒಂದು ಮುಂಜಾನೆ ನಾನು ಹೋದಾಗ ಭಟ್ಟಿಯವನ ಲಾರಿ ರಸ್ತೆಯಲ್ಲಿ ನಿಂತಿತ್ತು. ಅವನು ಬದುವಿನ ಮೇಲೆ ಬೀಡಿ ಸೇದುತ್ತ, ಬಸವರಾಜನಿಗೆ ಕೈ ಮಾಡಿ ಏನೋ ತೋರಿಸುತ್ತಿದ್ದ. ಹಳದಿ ಸಸಿಯನ್ನೇ ತೋರಿಸುತ್ತಿದ್ದನೆಂದು ಕಾಣುತ್ತದೆ. ಶಂಕ್ರಮ್ಮ ದೂರದಲ್ಲಿ ನಿಂತಿದ್ದಳು. ಒಪ್ಪಿಕೊಂಡ ಮಾತಿಗೆ ಕಟ್ಟುಬಿದ್ದು ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಬಸವರಾಜ ಧೋತರ ಎತ್ತಿ ಕಟ್ಟಿ ಗದ್ದೆಗೆ ಇಳಿದ. ನಡುವೆ ಹೋಗಿ ಒಂದು ಸಸಿ ಕಿತ್ತ. ಸುಲಭವಾಗಿ ಬರಲಿಲ್ಲ, ಎರಡನೆಯ ಸಲ ಜಗ್ಗಬೇಕಾಯಿತು. ಅದನ್ನು ನೀರಲ್ಲಿ ಅಲುಗಿಸಿ ಕೆಸರು ತೊಳೆದು ಬೆಳಕಿಗೆ ಹಿಡಿದ. ಹಳೆಯ ಬೇರು ಕಂದಿತ್ತು. ಅದರ ನಡುವಿನಿಂದ ಬೆರಳುದ್ದದ ಹೊಸ ಬೇರುಗಳು ಬೆಳ್ಳಗೆ ಇಳಿದಿದ್ದವು. ಇನ್ನೊಂದು ಕಡೆ ಹೋಗಿ ಇನ್ನೊಂದು ಕಿತ್ತ. ಅದಕ್ಕೂ ಬಿಳಿ ಬೇರು. ಮೂರನೆಯದನ್ನು ಕೀಳಲು ಬಗ್ಗಿದಾಗ ಶಂಕ್ರಮ್ಮನಿಗೆ ತಡೆಯಲಾಗಲಿಲ್ಲ.

"ಅಯ್ಯ, ಎಲ್ಲಾನೂ ಕಿತ್ತು ನೋಡ್ತೀರೇನು? ಬಿಡ್ರಲಾ!"

ಬಸವರಾಜ ಕಿತ್ತ ಎರಡೂ ಸಸಿಗಳನ್ನು ಅವು ಇದ್ದ ಜಾಗದಲ್ಲೇ ಮತ್ತೆ ಊರಿದ. ಬದುವಿಗೆ ಬಂದು ಕಾಲು ತೊಳೆದುಕೊಂಡ. ಭಟ್ಟಿಯವನಿಗೆ, "ಹೊಳ್ಳಿ ಹೋಗ್ರಿನ್ನ. ನಾಟಿ ಹಿಡಿದೈತಿ" ಎಂದ. ಲಾರಿ ಖಾಲಿಯೇ ಹೋಯಿತು.

ಆ ವರ್ಷದ ಬೆಳೆ ಹೇಳಿಕೊಳ್ಳುವಂಥದ್ದಾಗಿರಲಿಲ್ಲ. ಮುಂದಿನ ವರ್ಷಗಳಲ್ಲಿ ಸುಧಾರಿಸಿತು ಎಂದು ಶಂಕ್ರಮ್ಮ ಹೇಳುತ್ತಾಳೆ. ಹನುಮವ್ವ ತೀರಿಕೊಂಡು ಕೆಲವು ವರ್ಷವಾಯಿತಂತೆ.

ಆ ವರ್ಷದ ನಂತರ, ನಿವೃತ್ತಿಯ ತನಕ, ಜವಳಗೇರಾದ ಕಡೆ ಹಲವು ಹೊಲಗಳಲ್ಲಿ ಪೈಪು ಹೂಳಿಸಿದೆ. ಗುಂಡಿ ತೋಡಿ ಮಣ್ಣು ನೋಡಿದ ಮೇಲೆ, ವರ್ಗ ಬರೆಯುವ ಮೊದಲು ಮನೆಯವರನ್ನು ಒಂದು ಮಾತು ಕೇಳುವುದು ರೂಢಿಯಾಯಿತು. ನಮ್ಮ ಯಾವ ಅಂಕಣದಲ್ಲೂ ಇಲ್ಲದ ಮಾತು: "ನಿಮ್ಮ ಮನ್ಯಾಗ ನೀರು ಹೊತ್ತು ಬೆಳೆದಾಕಿ ಯಾರದಾರ?" ಕೆಲವರು ನಗುತ್ತಿದ್ದರು, ಕೆಲವರು ಒಳಗಿನ ಕಡೆ ಕೈ ತೋರಿಸುತ್ತಿದ್ದರು. ಅಂಥ ಮನೆಗಳಲ್ಲಿ ಮೊದಲು ಆಕೆಯನ್ನು ಹಳ್ಳದ ದಡಕ್ಕೆ ಕರೆದುಕೊಂಡು ಹೋಗಿ, ನೀರು ಎಲ್ಲಿ ನಿಲ್ಲಬೇಕೆಂದು ಕೇಳಿ, ಆಕೆ ತೋರಿಸಿದ ಜಾಗದಲ್ಲಿ ಕಡ್ಡಿ ನೆಡುತ್ತಿದ್ದೆ. ಪೈಪು ಆಮೇಲೆ.